ವಾಸ್ತುಶಿಲ್ಪ ಯೋಜನೆಗಳ ನಿರೂಪಣೆ

ಇನ್ನೂ ಕಟ್ಟದ ಕಟ್ಟಡವನ್ನು, ಅಥವಾ ಕಟ್ಟಿದ್ದರೂ ಕಣ್ಣೆದುರು ಇಲ್ಲದ ಕಟ್ಟಡವನ್ನು ನೋಡುಗರಿಗೆ ಮನದಟ್ಟು ಮಾಡಿಕೊಡುವ ಕ್ರಮಗಳನ್ನು ಒಟ್ಟಾಗಿ ವಾಸ್ತುಶಿಲ್ಪ ನಿರೂಪಣೆ ಎನ್ನಬಹುದು. ನೆಲನಕ್ಷೆ, ಮರದ ಮಾದರಿ, ಬಣ್ಣದ ಚಿತ್ರ, ಸ್ಪರ್ಧೆಯ ಹಾಳೆ, ಸ್ಲೈಡ್ ಉಪನ್ಯಾಸ, ಪ್ರದರ್ಶನ, ಪುಸ್ತಕ, ಸಾಕ್ಷ್ಯಚಿತ್ರ, ಕಂಪ್ಯೂಟರಿನ ವಾಕ್‌ಥ್ರೂ, ನಿವೇಶನದ ಮೇಲೆ ಎಳೆದ ಸುಣ್ಣದ ಗೆರೆ ಎಲ್ಲವೂ ಇದರಲ್ಲಿ ಸೇರುತ್ತವೆ. ಚಿತ್ರಕಾರ ತನ್ನ ಚಿತ್ರವನ್ನೇ ತಂದು ತೋರಿಸಬಲ್ಲ, ಗಾಯಕ ಹಾಡಿಯೇ ತೋರಿಸಬಲ್ಲ. ವಾಸ್ತುಶಿಲ್ಪಿ ಮಾತ್ರ ಯಾವಾಗಲೂ ಕಟ್ಟಡದ ಬದಲಿಗೆ ಬೇರೊಂದನ್ನು ತೋರಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ.

ಯಾರಿಗೆ ತೋರಿಸುವುದು ಎಂಬುದರ ಮೇಲೆ ಹೇಗೆ ತೋರಿಸುವುದು ಎಂಬುದು ನಿಂತಿದೆ. ಕಟ್ಟಿಸುವವರಿಗೆ ತಾವು ಅಲ್ಲಿ ಹೇಗೆ ಬಾಳುತ್ತೇವೆ ಎಂಬುದು ತಿಳಿಯಬೇಕು. ಪಾಲಿಕೆಯ ಎಂಜಿನಿಯರಿಗೆ ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದಾರೆ, ಎತ್ತರ ಎಷ್ಟು ಎಂಬುದು ಬೇಕು. ಬ್ಯಾಂಕಿಗೆ ಅಂದಾಜು ವೆಚ್ಚ, ಮೇಸ್ತ್ರಿಗೆ ಅಳತೆ, ಪಕ್ಕದ ಮನೆಯವರಿಗೆ ತಮ್ಮ ಕಿಟಕಿಗೆ ಬರುವ ಬೆಳಕು ಉಳಿಯುತ್ತದೆಯೇ ಇಲ್ಲವೇ ಎಂಬ ಚಿಂತೆ. ಒಂದೇ ಹಾಳೆ ಇವರೆಲ್ಲರಿಗೂ ಉತ್ತರ ಕೊಡಲಾರದು. ಒಬ್ಬರಿಗೆಂದು ಮಾಡಿದ ನಿರೂಪಣೆಯನ್ನು ಇನ್ನೊಬ್ಬರ ಮುಂದಿಟ್ಟಾಗಲೇ ಅನೇಕ ಜಗಳಗಳು ಹುಟ್ಟಿವೆ.

ಗೆರೆಯ ನಕ್ಷೆಗಳು

ಮಧ್ಯಪ್ರದೇಶದ ಭೋಜಪುರದಲ್ಲಿ 11ನೆಯ ಶತಮಾನದ ಅಪೂರ್ಣ ಶಿವಾಲಯವೊಂದಿದೆ. ಅದರ ಸುತ್ತಲಿನ ಬಂಡೆಗಳ ಮೇಲೆ ಕಂಬ, ಪಟ್ಟಿಕೆ, ಶಿಖರಗಳ ಗೆರೆಚಿತ್ರಗಳನ್ನು ಕೊರೆದಿದ್ದಾರೆ. ಕೆಲಸ ಅರ್ಧಕ್ಕೆ ನಿಂತದ್ದರಿಂದ ಅವು ಅಳಿಯದೆ ಉಳಿದವು. ಭಾರತದಲ್ಲಿ ಕಟ್ಟುವವರಿಗಾಗಿಯೇ ಬರೆದ ನಕ್ಷೆಗಳಿಗೆ ಇವು ದೊಡ್ಡ ಉದಾಹರಣೆ. ಇವುಗಳ ನೋಡುಗರು ರಾಜರಲ್ಲ, ಕಲ್ಲುಕುಟಿಗರು.

ಇಂದಿನ ನಕ್ಷೆಗಳಲ್ಲಿ ಮುಖ್ಯವಾದವು ಮೂರು: ಪ್ಲಾನ್, ಎಲಿವೇಷನ್, ಸೆಕ್ಷನ್. ಕಟ್ಟಡವನ್ನು ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ನೋಡಿದರೆ ಪ್ಲಾನ್, ನೇರವಾಗಿ ಎದುರಿನಿಂದ ನೋಡಿದರೆ ಎಲಿವೇಷನ್, ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದರೆ ಸೆಕ್ಷನ್. ಕರ್ನಾಟಕದ ಊರುಗಳಲ್ಲಿ ಮನೆ ಕಟ್ಟಿಸುವವರು ಪ್ಲಾನನ್ನು ಬಲು ಆಸ್ಥೆಯಿಂದ ನೋಡುತ್ತಾರೆ. ಬಾಗಿಲು ಯಾವ ದಿಕ್ಕಿಗೆ, ದೇವರ ಕೋಣೆ ಈಶಾನ್ಯಕ್ಕೆ ಬಂತೇ, ಅಡುಗೆಮನೆ ಆಗ್ನೇಯಕ್ಕೆ ಸರಿಯಿತೇ ಎಂದು ಪೆನ್ನು ಹಿಡಿದು ಕೂರುತ್ತಾರೆ. ಎಲಿವೇಷನ್ ಎಂದು ಅವರು ಕೇಳುವುದು ಮುಂಭಾಗದ ಬಣ್ಣದ ತ್ರೀಡಿ ಚಿತ್ರವನ್ನು. ಸೆಕ್ಷನ್ ಕೇಳುವವರು ಅಪರೂಪ. ಚಾವಣಿ ಎಷ್ಟು ಎತ್ತರ, ಮೆಟ್ಟಿಲು ಎಷ್ಟು ಕಡಿದು, ಮೆಟ್ಟಿಲಿನ ಕೆಳಗೆ ತಲೆ ತಾಗುತ್ತದೆಯೇ, ರಸ್ತೆಯ ಮಟ್ಟಕ್ಕಿಂತ ಮನೆಯ ನೆಲ ಎಷ್ಟು ಮೇಲಿದೆ, ಮಳೆನೀರು ಎತ್ತ ಹರಿಯುತ್ತದೆ ಎಂಬುದನ್ನೆಲ್ಲ ಹೇಳುವುದು ಆ ಒಂದು ಹಾಳೆ ಮಾತ್ರ. ಇಡೀ ಕಡತದಲ್ಲಿ ಹೆಚ್ಚು ತಿಳಿಸುವ ಹಾಳೆಯೇ ಕಡಿಮೆ ಓದಿಸಿಕೊಳ್ಳುತ್ತದೆ.

ಅಳತೆಯ ಪ್ರಮಾಣವೂ ನೋಡುಗನ ಮೇಲೆ ಪ್ರಭಾವ ಬೀರುತ್ತದೆ. ಬೆಂಗಳೂರಿನಲ್ಲಿ ಸಾಮಾನ್ಯವಾದ 30×40 ಅಡಿ ಸೈಟನ್ನು 1:100 ಪ್ರಮಾಣದಲ್ಲಿ ಬರೆದರೆ ಅದು ಸುಮಾರು 9×12 ಸೆಂಟಿಮೀಟರ್, ಅಂದರೆ ಒಂದು ಅಂಚೆ ಕಾರ್ಡಿಗಿಂತ ಕೊಂಚ ಚಿಕ್ಕದು. ಅಷ್ಟರಲ್ಲಿ ಎರಡು ಮಲಗುವ ಕೋಣೆ, ಹಾಲ್, ಅಡುಗೆಮನೆ, ಕಾರು ನಿಲ್ಲಿಸುವ ಜಾಗ ಎಲ್ಲವೂ ಅಚ್ಚುಕಟ್ಟಾಗಿ ಕೂತಂತೆ ಕಾಣುತ್ತದೆ. 1:50ಕ್ಕೆ ಹಿಗ್ಗಿಸಿ, ಮಂಚ, ಬೀರು, ಗ್ಯಾಸ್ ಕಟ್ಟೆಗಳನ್ನು ಅದೇ ಪ್ರಮಾಣದಲ್ಲಿ ಬರೆದಾಗ ಬೀರಿನ ಬಾಗಿಲು ಮಂಚಕ್ಕೆ ಬಡಿಯುತ್ತದೆ ಎಂಬುದು ಗೊತ್ತಾಗುತ್ತದೆ.

ನಕ್ಷೆಗಳನ್ನು ಹಂಚುವ ವಿಧಾನವೂ ಬದಲಾಗುತ್ತ ಬಂದಿದೆ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ರಾಸಾಯನಿಕ ವಿಧಾನದಿಂದ ನೀಲಿ ಹಾಳೆಯ ಮೇಲೆ ಬಿಳಿ ಗೆರೆಯ ಬ್ಲೂಪ್ರಿಂಟ್ ಬಂತು. ಮೂಲ ನಕ್ಷೆಯನ್ನು ಕೈಯಿಂದ ನಕಲು ಮಾಡುವ ಶ್ರಮ ತಪ್ಪಿ, ಒಂದೇ ನಕ್ಷೆ ಏಕಕಾಲಕ್ಕೆ ಕಚೇರಿಯಲ್ಲೂ ಕೆಲಸದ ಜಾಗದಲ್ಲೂ ಇರುವಂತಾಯಿತು. ಆಮೇಲೆ ಅಮೋನಿಯಾ ಪ್ರಿಂಟ್ ಬಂತು. ಅದರ ಘಾಟು ವಾಸನೆ ಹಳೆಯ ತಲೆಮಾರಿನ ಡ್ರಾಫ್ಟ್ಸ್‌ಮನ್‌ಗಳಿಗೆ ಇವತ್ತಿಗೂ ನೆನಪಿದೆ. 1982ರಲ್ಲಿ ಆಟೊಕ್ಯಾಡ್ ಬಂದ ಮೇಲೆ ನಕ್ಷೆ ಕಂಪ್ಯೂಟರಿನ ಕಡತವಾಯಿತು. ಈಗ ಸೈಟಿನಲ್ಲಿ ಮೇಸ್ತ್ರಿ ಅದನ್ನು ಮೊಬೈಲಿನ ವಾಟ್ಸಾಪಿನಲ್ಲಿ ಹಿಗ್ಗಿಸಿ ನೋಡುತ್ತಾನೆ.

ಮಾದರಿಗಳು

ನಕ್ಷೆ ಓದಲು ಬಾರದವರಿಗೂ ಕಟ್ಟಡ ಅರ್ಥವಾಗಬೇಕೆಂದರೆ ಮಾದರಿಗೆ ಸಮನಾದದ್ದಿಲ್ಲ. ಇದರ ಇತಿಹಾಸವೂ ಸ್ವಾರಸ್ಯವಾಗಿದೆ.

ಕರ್ನಾಟಕದ ಕಲ್ಯಾಣ ಚಾಲುಕ್ಯ ಮತ್ತು ಹೊಯ್ಸಳ ದೇವಾಲಯಗಳ ಹೊರಗೋಡೆಗಳಲ್ಲಿ ಗೇಣುದ್ದದ ಶಿಖರಗಳನ್ನು ಬಿಡಿಸಿದ್ದಾರೆ. ಲಕ್ಕುಂಡಿಯ ಕಾಶಿವಿಶ್ವೇಶ್ವರದ ಗೋಡೆಯಲ್ಲಿ ಇವನ್ನು ಚೆನ್ನಾಗಿ ನೋಡಬಹುದು. ಇವು ಕಟ್ಟಡದ ಅಲಂಕಾರ, ಕಟ್ಟಿಸುವವರಿಗೆ ತೋರಿಸಲು ಮಾಡಿದ ಮಾದರಿಗಳಲ್ಲ. ಆದರೆ ಇಡೀ ಗುಡಿಯನ್ನು ಕಿರಿದು ಮಾಡಿ ಕೆತ್ತುವ ಕೈಚಳಕ ಶಿಲ್ಪಿಗಳಿಗೆ ಕರಗತವಾಗಿತ್ತು ಎಂಬುದನ್ನು ಅವು ಸ್ಪಷ್ಟವಾಗಿ ಹೇಳುತ್ತವೆ.

ಮಾದರಿಯನ್ನೇ ವಾದಕ್ಕೆ ಸಾಧನವಾಗಿ ಬಳಸಿದ್ದು ಇಟಲಿಯ ನಗರಗಳಲ್ಲಿ. ಫ್ಲಾರೆನ್ಸಿನ ಪ್ರಧಾನ ಚರ್ಚಿನ ಗುಮ್ಮಟಕ್ಕೆ 1418ರಲ್ಲಿ ಸ್ಪರ್ಧೆ ಕರೆದಾಗ ಎಲ್ಲರ ಮುಂದಿದ್ದ ಪ್ರಶ್ನೆ ಒಂದೇ: ಅಷ್ಟಗಲದ ಗುಮ್ಮಟಕ್ಕೆ ಕೆಳಗಿನಿಂದ ಮರದ ಆಸರೆ ಕೊಡುವುದು ಹೇಗೆ? ಫಿಲಿಪ್ಪೊ ಬ್ರುನೆಲೆಸ್ಕಿ ಇಟ್ಟಿಗೆಯಿಂದಲೇ ದೊಡ್ಡ ಮಾದರಿ ಕಟ್ಟಿಸಿ, ಆಸರೆಯಿಲ್ಲದೆಯೂ ಅದು ನಿಲ್ಲುತ್ತದೆ ಎಂದು ತೋರಿಸಿದ. ಚೆಂದವನ್ನು ತೋರಿಸುವುದು ಅಲ್ಲಿ ಮುಖ್ಯವಾಗಿರಲಿಲ್ಲ. ಕಟ್ಟಬಹುದು ಎಂಬುದಕ್ಕೆ ಸಾಕ್ಷಿ ಬೇಕಾಗಿತ್ತು, ಅದನ್ನು ಇಟ್ಟಿಗೆ ಒದಗಿಸಿತು.

ರೋಮಿನ ಸಂತ ಪೀಟರರ ಚರ್ಚಿಗೆ ಆಂಟೋನಿಯೊ ದ ಸಾಂಗಾಲೊ ಮಾಡಿಸಿದ ಮರದ ಮಾದರಿಯ ಕಥೆ ಬೇರೆ. 1539ರಿಂದ 1546ರವರೆಗೆ ಅದರ ಕೆಲಸ ನಡೆಯಿತು. ಉದ್ದ 7 ಮೀಟರಿಗೂ ಹೆಚ್ಚು. ಅದು ಮುಗಿಯುವ ಹೊತ್ತಿಗೆ ಸಾಂಗಾಲೊ ತೀರಿಕೊಂಡ. ಅವನ ಜಾಗಕ್ಕೆ ಬಂದ ಮೈಕೆಲ್ಯಾಂಜೆಲೊ ಆ ವಿನ್ಯಾಸವನ್ನು ಕೈಬಿಟ್ಟ. ಮಾದರಿ ಇಂದಿಗೂ ವ್ಯಾಟಿಕನ್ನಿನಲ್ಲಿ ಉಳಿದಿದೆ, ಅದು ಹೇಳಿದ ಚರ್ಚು ಮಾತ್ರ ಎಲ್ಲೂ ಇಲ್ಲ.

ಇಂಥದೇ ಇನ್ನೊಂದು ಲಂಡನ್ನಿನ ಸಂತ ಪಾಲರ ಚರ್ಚಿನಲ್ಲಿದೆ. 1666ರ ಬೆಂಕಿಯಲ್ಲಿ ಹಳೆಯ ಚರ್ಚು ಹಾಳಾದ ಮೇಲೆ ಕ್ರಿಸ್ಟೊಫರ್ ರೆನ್ 1673-74ರಲ್ಲಿ ಓಕ್ ಮರದಿಂದ ಒಂದು ಮಹಾಮಾದರಿ ಮಾಡಿಸಿದ. ಉದ್ದ 6 ಮೀಟರಿಗೂ ಹೆಚ್ಚು, ಎತ್ತರ ಸುಮಾರು 4 ಮೀಟರ್. ಲಂಡನ್ನಿನಲ್ಲಿ ಆಗ ಒಂದು ಒಳ್ಳೆಯ ಮನೆಗೆ ತಗಲುತ್ತಿದ್ದಷ್ಟು ಹಣ ಅದಕ್ಕೆ ಖರ್ಚಾಯಿತು. ಒಳಗೆ ತಲೆ ತೂರಿಸಿ, ನಿಜವಾದ ಚರ್ಚಿನಲ್ಲಿ ನಿಂತಂತೆ ಕಮಾನುಗಳ ಸಾಲನ್ನು ನೋಡುವ ಹಾಗೆ ಅದನ್ನು ಮಾಡಿದ್ದರು. ರಾಜನಿಗೆ ಹಿಡಿಸಿತು. ಪಾದ್ರಿಗಳಿಗೆ ಹಿಡಿಸಲಿಲ್ಲ. ಅವರಿಗೆ ಬೇಕಾಗಿದ್ದುದು ಉದ್ದನೆಯ ಹಳೇ ಮಾದರಿಯ ಚರ್ಚು. ಇದೋ ನಡುವೆ ಗುಮ್ಮಟವಿದ್ದ ಶಿಲುಬೆಯಾಕಾರ. ಕಟ್ಟಡ ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದಲೇ ಆಕ್ಷೇಪಣೆಯೂ ಅಷ್ಟು ಸ್ಪಷ್ಟವಾಗಿ ಬಂತು. ಇನ್ನು ಮುಂದೆ ಮಾದರಿ ಮಾಡಿಸುವುದಿಲ್ಲ, ನಕ್ಷೆಗಳನ್ನು ಹೊರಗೆ ತೋರಿಸುವುದೂ ಇಲ್ಲ ಎಂದು ರೆನ್ ತೀರ್ಮಾನಿಸಿದನೆಂದು ಅವನ ಮಗ ಸಂಗ್ರಹಿಸಿದ ಕುಟುಂಬದ ದಾಖಲೆಯಲ್ಲಿದೆ. ಮುಂದೆ ಕಟ್ಟಿದ ಚರ್ಚು ಆ ಮಾದರಿಗಿಂತ ಬಹಳ ಬೇರೆ.

ಈಗಿನ ಕಾಲೇಜು, ಕಚೇರಿಗಳಲ್ಲಿ ಎರಡು ಬಗೆಯ ಮಾದರಿಗಳು ರೂಢಿಯಲ್ಲಿವೆ. ಒಂದು, ಯೋಚಿಸಲು ಮಾಡುವುದು: ರಟ್ಟು, ಥರ್ಮೊಕೋಲ್, ಸನ್‌ಬೋರ್ಡ್, ಫೆವಿಕಾಲ್ ಇದ್ದರೆ ಸಾಕು, ಕತ್ತರಿಸಿ, ಕಿತ್ತು, ಮತ್ತೆ ಅಂಟಿಸುತ್ತಾರೆ. ಇನ್ನೊಂದು ತೋರಿಸಲೆಂದೇ ಮಾಡುವುದು: ಲೇಸರಿನಿಂದ ಕತ್ತರಿಸಿದ ಅಕ್ರಿಲಿಕ್, ತ್ರೀಡಿ ಪ್ರಿಂಟ್, ಒಳಗೆ ಪುಟ್ಟ ದೀಪಗಳು, ಮೇಲೆ ಗಾಜಿನ ಪೆಟ್ಟಿಗೆ. ಅಪಾರ್ಟ್‌ಮೆಂಟ್ ಮಾರುವ ಕಚೇರಿಗಳಲ್ಲಿ ಬಾಗಿಲ ಬಳಿಯೇ ಇರುವುದು ಈ ಎರಡನೆಯದು. ಅದನ್ನು ಸೊಂಟದೆತ್ತರದ ಮೇಜಿನ ಮೇಲಿಟ್ಟಿರುತ್ತಾರೆ. ಹಾಗಾಗಿ ನೋಡುವವರಿಗೆ ಕಾಣುವುದು ಹದ್ದಿಗೆ ಕಾಣುವ ನೋಟ: ಈಜುಕೊಳ, ಹುಲ್ಲುಹಾಸು, ತಾರಸಿಯ ತೋಟ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತರೆ ಎದುರಿನ ಟವರಿನ ಗೋಡೆ ಎಷ್ಟು ಹತ್ತಿರ ಎಂಬುದು ಬಗ್ಗಿ, ಕಣ್ಣನ್ನು ಮಾದರಿಯ ಮಟ್ಟಕ್ಕೆ ತಂದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ದೃಷ್ಟಿ ಇಲ್ಲದವರಿಗಾಗಿ ಯುರೋಪಿನ ಹಲವು ಊರುಗಳ ಚೌಕಗಳಲ್ಲಿ ಚರ್ಚು, ಕೋಟೆ, ಪೇಟೆಯ ಕಂಚಿನ ಮಾದರಿಗಳನ್ನು ಇಟ್ಟಿದ್ದಾರೆ. ಇದು ಮುಟ್ಟಿ ತಿಳಿಯುವ ನಿರೂಪಣೆ. ಹಂಪಿ, ಬಾದಾಮಿಗಳಿಗೆ ಬರುವವರಿಗೂ ಇಂಥದ್ದು ಬೇಕು.

ಚಿತ್ರದಿಂದ ರೆಂಡರಿಗೆ

ಒಪ್ಪಿಸಲು ಚಿತ್ರ ಬರೆಯುವ ವಿದ್ಯೆಯನ್ನು ಪಳಗಿಸಿದವರಲ್ಲಿ ಇಂಗ್ಲೆಂಡಿನ ಹಂಫ್ರಿ ರೆಪ್ಟನ್ ಮುಖ್ಯ. ಜಮೀನುದಾರರ ತೋಟ, ಬಂಗಲೆಗಳನ್ನು ಮಾರ್ಪಡಿಸುವುದು ಅವನ ಕೆಲಸ. 1788ರ ನಂತರ ಅವನು ಗಿರಾಕಿಗಳಿಗೆ ಕೆಂಪು ಚರ್ಮದ ರಟ್ಟಿನ ಪುಸ್ತಕಗಳನ್ನು ಮಾಡಿಕೊಡತೊಡಗಿದ. ಒಳಗೆ ಜಲವರ್ಣದ ಚಿತ್ರ. ಅದರ ಒಂದು ಭಾಗದ ಮೇಲೆ ಮಡಿಸಿದ ತುಂಡು ಕಾಗದ. ಕಾಗದ ಮುಚ್ಚಿದ್ದಾಗ ಈಗಿರುವ ಬೋಳು ಗದ್ದೆ, ಮುರುಕು ಬೇಲಿ; ಎತ್ತಿದರೆ ಕೆರೆ, ಮರಗಳ ತೋಪು, ಹೊಸ ಬಂಗಲೆ. ಹಿಂದೆ ಹೇಗಿತ್ತು, ಈಗ ಹೇಗಾಯಿತು ಎಂದು ಎರಡು ಫೋಟೊ ಜೋಡಿಸಿ ಜಾಹೀರಾತು ಮಾಡುವವರೆಲ್ಲ ಅವನ ವಂಶದವರೇ.

20ನೆಯ ಶತಮಾನದಲ್ಲಿ ಈ ವಿದ್ಯೆ ಒಂದು ವೃತ್ತಿಯೇ ಆಯಿತು. ಎತ್ತರದ ಕಟ್ಟಡಗಳು ರಸ್ತೆಗೆ ಬೆಳಕು ಬಿಡಬೇಕೆಂದು 1916ರಲ್ಲಿ ನ್ಯೂಯಾರ್ಕ್ ನಗರ ಕಾನೂನು ಮಾಡಿದಾಗ, ಆ ಕಾನೂನಿನ ಕೆಳಗೆ ಎಂಥ ಕಟ್ಟಡಗಳು ಏಳಬಹುದು ಎಂಬುದನ್ನು ಹ್ಯೂ ಫೆರಿಸ್ ಇದ್ದಿಲಿನಲ್ಲಿ ಬರೆದು ತೋರಿಸಿದ. ಸೆಕ್ಷನ್ನು, ಉಪಸೆಕ್ಷನ್ನುಗಳ ಒಣ ಭಾಷೆ ಮಂಜಿನಲ್ಲಿ ಎದ್ದ ಬೆಟ್ಟಗಳಂಥ ರೂಪಗಳಾಯಿತು. ಜರ್ಮನಿಯಲ್ಲಿ ಮೀಸ್ ವಾನ್ ಡೆರ್ ರೋ 1921ರ ಬರ್ಲಿನ್ ಸ್ಪರ್ಧೆಯ ಗಾಜಿನ ಗೋಪುರವನ್ನು ನಿಜವಾದ ರಸ್ತೆಯ ಫೋಟೊದ ಮೇಲೆ ಕೂರಿಸಿದ. ಅದನ್ನು ಕಟ್ಟಲಿಲ್ಲ, ಆದರೂ ಆ ಚಿತ್ರವಿಲ್ಲದ ವಾಸ್ತುಶಿಲ್ಪ ಚರಿತ್ರೆಯ ಪುಸ್ತಕ ಸಿಗುವುದು ಕಷ್ಟ.

ಭಾರತದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಹಿಡಿದದ್ದು ಬೇರೆ ದಾರಿ. ಅಹಮದಾಬಾದಿನ ತಮ್ಮ ಕಚೇರಿ ಸಂಗಾತವನ್ನು ಅವರು ಭಾರತೀಯ ಕಿರುಚಿತ್ರಗಳ ಶೈಲಿಯಲ್ಲಿ ಬರೆದರು. ಪ್ಲಾನು, ಮುಖನೋಟ, ಮರ, ಮನುಷ್ಯರು, ನವಿಲು ಎಲ್ಲ ಒಂದೇ ಹಾಳೆಯಲ್ಲಿ, ಯಾವುದೂ ಯಾವುದನ್ನೂ ಮರೆಮಾಡದೆ. ಒಂದೇ ಬಿಂದುವಿನಿಂದ ನೋಡುವ ಕ್ಯಾಮೆರಾದ ಕಣ್ಣು ಇದಕ್ಕೆ ಬೇಕಿಲ್ಲ. ಅಂಗಳದಿಂದ ಅಂಗಳಕ್ಕೆ ಸುಳಿಯುವ ಕಟ್ಟಡಕ್ಕೆ ಇದು ಪರ್ಸ್ಪೆಕ್ಟಿವ್‌ಗಿಂತ ಒಪ್ಪುವ ಕ್ರಮ.

ಇಂದು ಚಾಲ್ತಿಯಲ್ಲಿರುವುದು ಕಂಪ್ಯೂಟರಿನ ರೆಂಡರ್. 2000ದಲ್ಲಿ ಬಂದ ಸ್ಕೆಚಪ್, ಆಮೇಲಿನ ಲೂಮಿಯಾನ್, ಎನ್‌ಸ್ಕೇಪ್‌ಗಳಿಂದ ಅದು ಸಣ್ಣ ಊರಿನ ಡ್ರಾಯಿಂಗ್ ಆಫೀಸಿಗೂ ಎಟುಕಿತು. ಇದರ ಹಿಡಿತ ಎಷ್ಟೆಂದರೆ, ಕಟ್ಟಡ ಹೇಗಿರಬೇಕು ಎಂಬ ಕಲ್ಪನೆಯೇ ರೆಂಡರಿನಂತೆ ಆಗಿಬಿಟ್ಟಿದೆ. ಒಂದು ಸಾಮಾನ್ಯ ರೆಂಡರನ್ನು ಸಾವಧಾನವಾಗಿ ನೋಡಿ. ನೆಟ್ಟ ಗಿಡಗಳೆಲ್ಲ ಇಪ್ಪತ್ತು ವರ್ಷ ಬೆಳೆದ ಮರಗಳಾಗಿವೆ. ರಸ್ತೆಯಲ್ಲಿ ವಿದ್ಯುತ್ ಕಂಬವಿಲ್ಲ, ಕೇಬಲ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿಲ್ಲ, ಗೋಡೆಗೆ ಎ.ಸಿ. ಪೆಟ್ಟಿಗೆ ತೂಗುಬಿಟ್ಟಿಲ್ಲ, ಬಾಲ್ಕನಿಯಲ್ಲಿ ಒಂದು ಬಟ್ಟೆಯೂ ಒಣಗುತ್ತಿಲ್ಲ. ಆಚೀಚೆಯ ಮನೆಗಳು ಮಸುಕಾಗಿ ಮಾಯವಾಗಿವೆ. ಅಗಲ ಕೋನದ ಲೆನ್ಸಿನಿಂದಾಗಿ ಹನ್ನೆರಡು ಅಡಿಯ ಹಾಲ್ ಮದುವೆ ಮಂಟಪದಷ್ಟು ವಿಶಾಲವಾಗಿ ಕಾಣುತ್ತದೆ. ಸೂರ್ಯನನ್ನೂ ಬೇಕಾದ ಕಡೆ ನಿಲ್ಲಿಸಿರುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಊರಿನ ಅಕ್ಷಾಂಶ ಮತ್ತು ತಿಂಗಳನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಯಾವ ಕಿಟಕಿಗೆ ಎಷ್ಟು ಹೊತ್ತು ಬಿಸಿಲು ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ. ಆ ಉಪಯೋಗವನ್ನು ಬಿಟ್ಟು, ಮುಸ್ಸಂಜೆಯ ಹೊಂಬಣ್ಣವೊಂದನ್ನೇ ಅದರಿಂದ ಪಡೆಯುವವರೇ ಹೆಚ್ಚು.

ಸ್ಪರ್ಧೆಯ ಹಾಳೆಗಳು

ಸ್ಪರ್ಧೆಯಲ್ಲಿ ವಾಸ್ತುಶಿಲ್ಪಿಯ ಹೆಸರು ಇರುವುದಿಲ್ಲ, ಮಾತಿಗೂ ಅವಕಾಶವಿಲ್ಲ. ಸಂಕೇತ ಸಂಖ್ಯೆ ಹೊತ್ತ ಹಾಳೆಗಳೇ ಎಲ್ಲ ಹೇಳಬೇಕು. ನೂರಾರು ನಮೂನೆಗಳನ್ನು ತೀರ್ಪುಗಾರರು ಕೆಲವೇ ದಿನಗಳಲ್ಲಿ ನೋಡುವುದರಿಂದ ಒಂದು ನೋಟದಲ್ಲಿ ಹಿಡಿದು ನಿಲ್ಲಿಸುವ ಚಿತ್ರಕ್ಕೆ ಬೆಲೆ ಹೆಚ್ಚು.

ಆಸ್ಟ್ರೇಲಿಯಾದ ಹೊಸ ರಾಜಧಾನಿ ಕ್ಯಾನ್‌ಬೆರಾದ ಸ್ಪರ್ಧೆಯನ್ನು 1912ರಲ್ಲಿ ವಾಲ್ಟರ್ ಬರ್ಲಿ ಗ್ರಿಫಿನ್ ಗೆದ್ದ. ಆದರೆ ಬಟ್ಟೆಯ ಮೇಲೆ ಬೆಟ್ಟ, ನೀರು, ಬೀದಿಗಳನ್ನು ಒಂದಾಗಿ ಹೆಣೆದ ಆ ಚಿತ್ರಗಳನ್ನು ಬರೆದವಳು ಅವನ ಹೆಂಡತಿ, ಸ್ವತಃ ವಾಸ್ತುಶಿಲ್ಪಿಯಾಗಿದ್ದ ಮೇರಿಯನ್ ಮಹೋನಿ. ಫ್ರಾಂಕ್ ಲಾಯ್ಡ್ ರೈಟ್‌ನ ಹೆಸರಿನಲ್ಲಿ 1910-11ರಲ್ಲಿ ಬರ್ಲಿನ್ನಿನಿಂದ ಹೊರಬಂದ, ಯುರೋಪಿನ ತರುಣ ವಾಸ್ತುಶಿಲ್ಪಿಗಳನ್ನು ಬೆರಗುಗೊಳಿಸಿದ ನೂರು ಫಲಕಗಳ ಸಂಪುಟದಲ್ಲೂ ಅವಳ ಕೈ ದೊಡ್ಡದು. ಚಿತ್ರ ಬರೆದವರ ಹೆಸರು ಬಿಟ್ಟುಹೋಗುವುದು ಈ ಕ್ಷೇತ್ರದ ಹಳೆಯ ರೋಗ. 

ಸಿಡ್ನಿಯ ಅಪೆರಾ ಹೌಸ್ ಸ್ಪರ್ಧೆಗೆ 233 ನಮೂನೆಗಳು ಬಂದಿದ್ದವು. 1957ರಲ್ಲಿ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಕಳಿಸಿದ ಹಾಳೆಗಳು ರೇಖಾಚಿತ್ರಕ್ಕೆ ಹತ್ತಿರವಿದ್ದವು. ತೀರ್ಪುಗಾರರೇ ಅದನ್ನು ಒಪ್ಪಿಕೊಂಡು, ಕಲ್ಪನೆಯ ಸತ್ವಕ್ಕೆ ಬಹುಮಾನ ಕೊಟ್ಟರು. ಆ ಚಿಪ್ಪುಗಳನ್ನು ಕಟ್ಟುವುದು ಹೇಗೆ ಎಂಬುದು ಹಾಳೆಯಲ್ಲಿ ಇರಲಿಲ್ಲ. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿ ತೆಗೆಯಬಹುದು ಎಂಬ ಪರಿಹಾರ ಹೊಳೆಯಲು 1961 ಬರಬೇಕಾಯಿತು. ಸುಮಾರು 70 ಲಕ್ಷ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಏರಿತು. ಉಟ್ಸನ್ 1966ರಲ್ಲಿ ಬಿಟ್ಟುಹೋದ, ಕಟ್ಟಡ 1973ರಲ್ಲಿ ತೆರೆಯಿತು. ಎಲ್ಲವನ್ನೂ ಬಿಡಿಸಿ ತೋರಿಸಬೇಕೆಂದು ಹಟ ಹಿಡಿದಿದ್ದರೆ ಸಿಡ್ನಿಗೆ ಆ ಕಟ್ಟಡ ಸಿಗುತ್ತಿರಲಿಲ್ಲ. ಬಿಡಿಸಿ ತೋರಿಸದ್ದರಿಂದ ಎಷ್ಟು ಬೆಲೆ ತೆರಬೇಕಾಯಿತು ಎಂಬುದೂ ಅಷ್ಟೇ ನಿಜ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನ ಆವರಣ ಫ್ರೀಡಂ ಪಾರ್ಕ್ ಆದದ್ದೂ ಸ್ಪರ್ಧೆಯ ಮೂಲಕ. ಗೆದ್ದವರು ನಗರದವರೇ ಆದ ಮ್ಯಾಥ್ಯೂ ಮತ್ತು ಘೋಷ್ ವಾಸ್ತುಶಿಲ್ಪಿಗಳು.

ಮಾತಿನ ನಿರೂಪಣೆ

ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಶಾಲೆಯಲ್ಲಿ 19ನೆಯ ಶತಮಾನದಲ್ಲಿ ವಿದ್ಯಾರ್ಥಿಗಳ ಹಾಳೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಒಯ್ಯುತ್ತಿದ್ದರು. ಗಾಡಿ ಉರುಳುತ್ತಿರುವಾಗಲೂ ಹತ್ತಿ ಕೂತು ಬಣ್ಣ ಹಚ್ಚುತ್ತಿದ್ದರೆಂಬ ಕಥೆಗಳಿವೆ. ತೀರ್ಪು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. ವಿದ್ಯಾರ್ಥಿ ಎದುರಿಗೆ ನಿಂತು ವಿವರಿಸುವ ಪದ್ಧತಿ ಈಚಿನದು.

ಕರ್ನಾಟಕದ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಈಗ ಪ್ರತಿ ಸೆಮಿಸ್ಟರಿನ ಕೊನೆಗೂ ಜ್ಯೂರಿ ಇರುತ್ತದೆ. ಗೋಡೆಗೆ ಎ1 ಅಳತೆಯ ಹಾಳೆಗಳು, ಮೇಜಿನ ಮೇಲೆ ಅಂಟು ಆರದ ಮಾದರಿ, ಎರಡು ರಾತ್ರಿ ನಿದ್ದೆ ಕೆಟ್ಟ ಕಣ್ಣು. ವಿದ್ಯಾರ್ಥಿ ಸೈಟಿನಿಂದ ಶುರುಮಾಡಿ ಕಾನ್ಸೆಪ್ಟಿಗೆ ಬರುವಷ್ಟರಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಎದ್ದುಬಂದು ಶೌಚಾಲಯದ ಬಾಗಿಲನ್ನು ತೋರಿಸಿ ಪ್ರಶ್ನೆ ಕೇಳಿರುತ್ತಾರೆ. ಐದು ವರ್ಷದ ಪದವಿಯಲ್ಲಿ ಗೆರೆ ಎಳೆಯುವುದನ್ನು ಕಲಿಸುವಷ್ಟು ಮುತುವರ್ಜಿಯಿಂದ ಮಾತಾಡುವುದನ್ನು ಕಲಿಸುವುದಿಲ್ಲ. ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರು ಒಳ್ಳೆಯ ವಿನ್ಯಾಸ ಮಾಡಿಯೂ ಇಂಗ್ಲಿಷಿನಲ್ಲಿ ತಡವರಿಸಿ ಅಂಕ ಕಳೆದುಕೊಳ್ಳುವುದುಂಟು. ಆ ಹುಡುಗರೇ ನಾಳೆ ಗಿರಾಕಿಯ ಮನೆಯಲ್ಲಿ, ಪಂಚಾಯಿತಿಯಲ್ಲಿ, ಸೈಟಿನಲ್ಲಿ ಕನ್ನಡದಲ್ಲೇ ವಿವರಿಸಬೇಕು. ಜ್ಯೂರಿಯಲ್ಲೂ ಅದಕ್ಕೆ ಜಾಗವಿರಬೇಕು.

ಮಾತು ಮತ್ತು ಗೆರೆಯನ್ನು ಒಟ್ಟಿಗೆ ನಡೆಸಿದವರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಎದ್ದು ಕಾಣುತ್ತಾನೆ. 1929ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವನು ದೊಡ್ಡ ಕಾಗದಗಳ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಲೇ ಮಾತಾಡಿದ. ಕೇಳುಗರ ಕಣ್ಣೆದುರೇ ವಿಚಾರ ಹುಟ್ಟುತ್ತಿತ್ತು. ಮುಂದೆ ಬಂದ ಸ್ಲೈಡುಗಳಲ್ಲಿ ಎಲ್ಲವೂ ಮೊದಲೇ ಮುಗಿದಿರುತ್ತದೆ. ಮಾತು ಉದ್ದವಾಗುವುದಕ್ಕೆ ಕಡಿವಾಣ ಹಾಕಲು ಟೋಕಿಯೋದಲ್ಲಿದ್ದ ವಾಸ್ತುಶಿಲ್ಪಿಗಳಾದ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ 2003ರಲ್ಲಿ ಪೆಚಕುಚ ಎಂಬ ಕ್ರಮ ತಂದರು: 20 ಸ್ಲೈಡು, ಒಂದೊಂದಕ್ಕೆ 20 ಸೆಕೆಂಡು, ಒಟ್ಟು 6 ನಿಮಿಷ 40 ಸೆಕೆಂಡು. ವಾಸ್ತುಶಿಲ್ಪಿಗಳ ಕೈಗೆ ಮೈಕು ಕೊಟ್ಟರೆ ಮಾತು ನಿಲ್ಲುವುದಿಲ್ಲ ಎಂಬುದೇ ಇದಕ್ಕೆ ಕಾರಣವೆಂದು ಅವರೇ ಹೇಳಿದ್ದಾರೆ. ಬಾರ್ಸಿಲೋನಾದಲ್ಲಿ 2008ರಲ್ಲಿ ಆರಂಭವಾದ ವರ್ಲ್ಡ್ ಆರ್ಕಿಟೆಕ್ಚರ್ ಫೆಸ್ಟಿವಲ್‌ನಲ್ಲಿ ಅಂತಿಮ ಸುತ್ತಿಗೆ ಬಂದವರು ಪ್ರೇಕ್ಷಕರ ಮುಂದೆಯೇ ತೀರ್ಪುಗಾರರಿಗೆ ಉತ್ತರ ಕೊಡಬೇಕು. ಮುಚ್ಚಿದ ಬಾಗಿಲಿನ ತೀರ್ಪಿಗೆ ಇದು ಪೂರಾ ತದ್ವಿರುದ್ಧ.

ನಿಜ ಅಳತೆಯಲ್ಲಿ

ಕಿರಿದು ಮಾಡದೆ, ಇದ್ದ ಅಳತೆಯಲ್ಲೇ ತೋರಿಸುವುದು ದುಬಾರಿ, ಆದರೆ ಮೋಸಕ್ಕೆ ಅವಕಾಶ ಕಡಿಮೆ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1927ರಲ್ಲಿ ಮೀಸ್ ಅವರ ನಿರ್ದೇಶನದಲ್ಲಿ 17 ವಾಸ್ತುಶಿಲ್ಪಿಗಳು ವೈಸನ್‌ಹೋಫ್ ಬಡಾವಣೆಯಲ್ಲಿ ನಿಜವಾದ ಮನೆಗಳನ್ನೇ ಕಟ್ಟಿ ಪ್ರದರ್ಶನಕ್ಕಿಟ್ಟರು. ಜನ ಒಳಹೊಕ್ಕು ನೋಡಿದರು, ಆಮೇಲೆ ಬಾಡಿಗೆದಾರರು ಬಂದರು. 1980ರಲ್ಲಿ ವೆನಿಸ್ಸಿನ ಮೊದಲ ವಾಸ್ತುಶಿಲ್ಪ ದ್ವೈವಾರ್ಷಿಕದಲ್ಲಿ ಪಾವೊಲೊ ಪೋರ್ಟೊಗೆಸಿ ಹಳೆಯ ಹಗ್ಗದ ಕಾರ್ಖಾನೆಯೊಳಗೆ ಬರೀ ಮುಂಭಾಗಗಳ ಒಂದು ಬೀದಿಯನ್ನು ನಿಲ್ಲಿಸಿದ. ಸಿನಿಮಾ ಸೆಟ್ ಕಟ್ಟುವ ಬಡಗಿಗಳ ಕೈಯಲ್ಲಿ ಎದ್ದ ಬೀದಿ ಅದು. ಅದೇ ವೆನಿಸ್ಸಿನಲ್ಲಿ 2012ರಲ್ಲಿ ಅನುಪಮಾ ಕುಂಡೂ ಆರೋವಿಲ್ಲಿನ ತಮ್ಮ ವಾಲ್ ಹೌಸನ್ನು ನಿಜ ಅಳತೆಯಲ್ಲಿ ಕಟ್ಟಿದರು. ಗಾರೆ ಕೆಲಸದವರು ಭಾರತದಿಂದಲೇ ಹೋಗಿದ್ದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 2010ರಲ್ಲಿ ಸ್ಟುಡಿಯೊ ಮುಂಬಯಿ ತಂಡ ಮುಂಬಯಿಯ ಇಕ್ಕಟ್ಟಾದ ಮನೆಯೊಂದನ್ನು ನಿಲ್ಲಿಸಿ, ಜನ ಅದರೊಳಗೆ ಗೋಡೆಗೆ ಮೈ ತಾಗಿಸಿಕೊಂಡು ನಡೆಯುವಂತೆ ಮಾಡಿತು.

ಇವೆಲ್ಲ ಕಲಾಪ್ರೇಮಿಗಳಿಗೆ. ಬಡವರಿಗೆಂದು ಮಾಡಿದ ನಿಜ ಅಳತೆಯ ನಿರೂಪಣೆ ಇಂದೋರಿನ ಅರಣ್ಯ ಬಡಾವಣೆಯದು. ಸುಮಾರು 6,500 ಮನೆಗಳಿಗೆ ಯೋಜಿಸಿದ ಆ ಬಡಾವಣೆಯಲ್ಲಿ ದೋಶಿ 80 ಮಾದರಿ ಮನೆಗಳನ್ನು ಕಟ್ಟಿಸಿದರು. ಅವು ಹೀಗೇ ಕಟ್ಟಬೇಕೆಂಬ ಆಜ್ಞೆಯಾಗಿರಲಿಲ್ಲ. ಒಂದು ಪಾಯಖಾನೆ, ಒಂದು ಕೋಣೆಯಿಂದ ಶುರುಮಾಡಿ ಕೈಯಲ್ಲಿ ಹಣ ಬಂದಂತೆ ಮೆಟ್ಟಿಲು, ಜಗುಲಿ, ಮಹಡಿ ಹೇಗೆ ಸೇರಿಸಬಹುದು ಎಂಬುದನ್ನು ನಿವೇಶನ ಪಡೆದವರು ನಡೆದಾಡಿ ನೋಡಿಕೊಳ್ಳಲಿ ಎಂಬುದು ಉದ್ದೇಶ. 1995ರಲ್ಲಿ ಇದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಈ ಲೇಖನದಲ್ಲಿ ಹೇಳಿದ ನಿರೂಪಣೆಗಳಲ್ಲಿ ನೋಡುಗರನ್ನು ಅತಿ ಗೌರವದಿಂದ ಕಂಡದ್ದು ಇದು.

ಕರ್ನಾಟಕದಲ್ಲಿ ಮನೆ ಕಟ್ಟಿಸುವ ಪ್ರತಿಯೊಬ್ಬರೂ ನಿಜ ಅಳತೆಯ ನಕ್ಷೆಯನ್ನು ಒಮ್ಮೆ ನೋಡಿಯೇ ನೋಡುತ್ತಾರೆ. ಪಾಯ ತೋಡುವ ಮುಂಚೆ ಮೇಸ್ತ್ರಿ ಗೂಟ ಹೊಡೆದು, ದಾರ ಕಟ್ಟಿ, ಮೂಲೆಮಟ್ಟ ಹಿಡಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ಮಾರ್ಕಿಂಗ್ ಅದು. ಆ ಹೊತ್ತಿನ ಮಾತು ಎಲ್ಲ ಕಡೆಯೂ ಒಂದೇ. "ಏನ್ ಮೇಸ್ತ್ರಿ, ಅಡುಗೆಮನೆ ಇಷ್ಟೇನಾ?" "ಪಾಯದಲ್ಲಿ ಹಂಗೇ ಕಾಣೋದು ಅಮ್ಮಾ, ಗೋಡೆ ಎದ್ದ ಮೇಲೆ ನೋಡಿ." ಮೇಸ್ತ್ರಿಯ ಮಾತು ಬರೀ ಸಮಾಧಾನವಲ್ಲ. ಬಯಲಿನಲ್ಲಿ ಬರೀ ಗೆರೆಯಾಗಿರುವ ಕೋಣೆ ಚಿಕ್ಕದಾಗಿ ಕಾಣುತ್ತದೆ, ಗೋಡೆ ಎದ್ದು ಮಂಚ, ಬೀರು ಬಂದ ಮೇಲೆ ಅದೇ ಕೋಣೆ ಸಾಕೆನಿಸುತ್ತದೆ. ಆದರೂ ಬಾಗಿಲನ್ನು ಒಂದಡಿ ಸರಿಸಲು ಖರ್ಚಿಲ್ಲದ ಕೊನೆಯ ಗಳಿಗೆ ಅದೇ.

ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಬಲವೇ ಇದೆ. ಹೊಸ ಕಟ್ಟಡಕ್ಕೆ ಅನುಮತಿ ಕೇಳುವವರು ನಿವೇಶನದ ಮೇಲೆ ಕಟ್ಟಡದ ಮೂಲೆಗಳಲ್ಲಿ ಅದರ ಪೂರ್ಣ ಎತ್ತರದ ಗಳುಗಳನ್ನು ನೆಟ್ಟು, ಚಾವಣಿಯ ಇಳಿಜಾರನ್ನು ಅವುಗಳ ತುದಿಯಲ್ಲಿ ಗುರುತಿಸಬೇಕು. ಆಕ್ಷೇಪಣೆಯ ಅವಧಿ ಮುಗಿಯುವವರೆಗೆ ಅವು ನಿಂತಿರುತ್ತವೆ. ನಕ್ಷೆ ಓದಲು ಬಾರದ ಮುದುಕಿಯೂ ತನ್ನ ಅಂಗಳದಲ್ಲಿ ನಿಂತು, ಎದುರಿನ ಬೆಟ್ಟ ಮರೆಯಾಗುತ್ತದೆಯೇ ಎಂದು ನೋಡಬಲ್ಲಳು. ನಾಲ್ಕು ಗಳು ಮಾಡುವ ಈ ಕೆಲಸವನ್ನು ಯಾವ ರೆಂಡರೂ ಮಾಡಲಾರದು.

ಪುಸ್ತಕ, ಫೋಟೊ, ಸಿನಿಮಾ

ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವುದನ್ನು ಕೈಬರಹದ, ಕೈಚಿತ್ರದ ಸಣ್ಣ ಪುಸ್ತಿಕೆಗಳಲ್ಲಿ ಹೇಳಿಕೊಟ್ಟರು. ಇಟ್ಟಿಗೆಯ ಜಾಲಂಧ್ರವೊಂದರ ಪಕ್ಕದಲ್ಲಿ ಅನವಶ್ಯಕ ಲಿಂಟೆಲಿನ ಗೇಲಿ, ಹೆಂಚು ಹುದುಗಿಸಿದ ಚಾವಣಿಯ ಕೆಳಗೆ ಉಳಿಯುವ ಸಿಮೆಂಟಿನ ಲೆಕ್ಕ. ಓದಿದವರು ತಾವೇ ಕಟ್ಟಲಿ ಎಂದು ಬರೆದ ವಾಸ್ತುಶಿಲ್ಪದ ಪುಸ್ತಕಗಳು ಎಷ್ಟಿವೆ? ಡೆನ್ಮಾರ್ಕಿನ ಬ್ಯಾರ್ಕೆ ಇಂಗೆಲ್ಸ್ ತಂಡ 2009ರಲ್ಲಿ ತನ್ನ ಯೋಜನೆಗಳನ್ನು ಕಾಮಿಕ್ಸ್ ರೂಪದಲ್ಲಿ ಪ್ರಕಟಿಸಿತು. ಅದೂ ಜಾಣತನದ ಕೆಲಸವೇ, ಆದರೆ ಅಲ್ಲಿ ಓದುಗ ಮೆಚ್ಚಿ ಸುಮ್ಮನಾಗುತ್ತಾನೆ.

ಫೋಟೊಗ್ರಾಫರುಗಳು ಕಟ್ಟಡಕ್ಕಿಂತ ದೊಡ್ಡ ಖ್ಯಾತಿಯನ್ನು ಕಟ್ಟಡಕ್ಕೆ ತಂದುಕೊಟ್ಟಿದ್ದಾರೆ. ಲಾಸ್ ಏಂಜಲೀಸಿನ ಬೆಟ್ಟದಂಚಿನ ಗಾಜಿನ ಮನೆಯೊಂದನ್ನು ಜೂಲಿಯಸ್ ಶುಲ್ಮನ್ 1960ರಲ್ಲಿ ತೆಗೆದ ಫೋಟೊದಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ, ಕೆಳಗೆ ಊರಿನ ದೀಪಗಳ ಸಾಲು. ಪಿಯರ್ ಕೋನಿಗ್ ಕಟ್ಟಿದ ಆ ಮನೆ ಜಗತ್ತಿಗೆ ಗೊತ್ತಿರುವುದು ಆ ಒಂದು ಚಿತ್ರದಿಂದ. ನಮ್ಮಲ್ಲಿ ದೋಶಿ ಕಟ್ಟಿದ ಬೆಂಗಳೂರಿನ ಐ.ಐ.ಎಂ.ನ ಕಲ್ಲಿನ ಓಣಿಗಳನ್ನು ಹೆಚ್ಚು ಜನ ಕಂಡದ್ದು 2009ರ ಹಿಂದಿ ಚಿತ್ರ ತ್ರೀ ಈಡಿಯಟ್ಸ್‌ನಲ್ಲಿ, ಅದೂ ಬೇರೆ ಕಾಲೇಜಿನ ಹೆಸರಿನಲ್ಲಿ.

ಸಾಕ್ಷ್ಯಚಿತ್ರಗಳಲ್ಲಿ 2008ರ ಕೂಲ್‌ಹಾಸ್ ಹೌಸ್‌ಲೈಫ್ ಬೇರೆಯೇ ನಿಲ್ಲುತ್ತದೆ. ಫ್ರಾನ್ಸಿನ ಬೋರ್ಡೊದಲ್ಲಿ ರೆಮ್ ಕೂಲ್‌ಹಾಸ್ ಕಟ್ಟಿದ ಪ್ರಸಿದ್ಧ ಮನೆಯನ್ನು ಅದು ಮನೆಗೆಲಸದಾಕೆಯ ಹಿಂದೆ ಹಿಂದೆ ಹೋಗಿ ತೋರಿಸುತ್ತದೆ. ಸುರುಳಿ ಮೆಟ್ಟಿಲಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಎಳೆಯುವ ಪಾಡು, ಸೋರುವ ನೀರಿಗೆ ಬಕೆಟ್ ಇಡುವುದು. ಕಟ್ಟಡವನ್ನು ಬಳಸುವವರ ಬಾಯಿಂದ ಕೇಳುವ ನಿರೂಪಣೆ ಇಷ್ಟು ಅಪರೂಪವಾಗಿರುವುದು ವೃತ್ತಿಗೆ ಶೋಭೆಯಲ್ಲ.

ವಿ.ಆರ್. (ವರ್ಚುವಲ್ ರಿಯಾಲಿಟಿ) ಸಾಧನಗಳು ಈ ಸಾಲಿಗೆ ಹೊಸ ಸೇರ್ಪಡೆ. ಅಮೆರಿಕದಲ್ಲಿರುವ ಮಗ ಮೈಸೂರಿನಲ್ಲಿ ತಂದೆತಾಯಿಗೆ ಮನೆ ಕಟ್ಟಿಸುವಾಗ ಕನ್ನಡಕ ತೊಟ್ಟು ಕೋಣೆಗಳಲ್ಲಿ ಓಡಾಡಬಹುದು. ಕೋಣೆಯ ಅಳತೆ ಮೈಗೆ ತಿಳಿಯುವುದರಲ್ಲಿ ಇದು ರೆಂಡರಿಗಿಂತ ಮೇಲು. ತಾಯಿಯ ಮಂಡಿ ನೋವಿಗೆ ಆ ಮೆಟ್ಟಿಲು ಆದೀತೇ ಎಂಬುದನ್ನು ಮಾತ್ರ ತಾಯಿಯನ್ನೇ ಕೇಳಬೇಕು.

ಸಾರ್ವಜನಿಕರ ಮುಂದೆ

ಸಾರ್ವಜನಿಕ ಹಣದ ಯೋಜನೆಗಳಲ್ಲಿ ನಿರೂಪಣೆ ಸೌಜನ್ಯದ ಮಾತಲ್ಲ, ಹಕ್ಕಿನ ಮಾತು. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ 2016ರಲ್ಲಿ ಹೊರಬಿದ್ದಾಗ ಸುಮಾರು 800 ಮರಗಳು ಹೋಗುತ್ತವೆ ಎಂಬುದು ಜನರನ್ನು ಕೆರಳಿಸಿತು. ವಿವರಗಳನ್ನು ಮೊದಲೇ ಮುಂದಿಟ್ಟು ಅಭಿಪ್ರಾಯ ಕೇಳಲಿಲ್ಲ ಎಂಬುದು ಇನ್ನೊಂದು ದೂರು. ಅಕ್ಟೋಬರಿನಲ್ಲಿ ಜನ ರಸ್ತೆಯುದ್ದಕ್ಕೂ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಖಾಸಗಿ ಅಪಾರ್ಟ್‌ಮೆಂಟುಗಳ ವಿಷಯದಲ್ಲಿ ಕಾನೂನು ಈಗ ಕೊಂಚ ಗಟ್ಟಿಯಾಗಿದೆ. ಬ್ರೋಷರಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇದು ಕಲಾವಿದನ ಕಲ್ಪನೆ ಮಾತ್ರ ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುವ ಕಾಲ ಹೋಯಿತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 12ನೆಯ ಕಲಮಿನ ಪ್ರಕಾರ, ಜಾಹೀರಾತು, ವಿವರಣ ಪತ್ರ ಅಥವಾ ಮಾದರಿ ಫ್ಲ್ಯಾಟನ್ನು ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ಸುಳ್ಳಿನಿಂದ ನಷ್ಟವಾದರೆ ಕಟ್ಟಿಸಿದವರು ಪರಿಹಾರ ಕೊಡಬೇಕು. ಆದ್ದರಿಂದ ಫ್ಲ್ಯಾಟ್ ಕೊಳ್ಳುವವರು ಬ್ರೋಷರನ್ನು ರದ್ದಿಗೆ ಹಾಕಬಾರದು, ಮಾದರಿ ಫ್ಲ್ಯಾಟಿನ ಫೋಟೊ ತೆಗೆದಿಟ್ಟುಕೊಳ್ಳಬೇಕು, ಎರಡನ್ನೂ ಕರಾರು ಪತ್ರದ ಜೊತೆಗೇ ಜೋಪಾನ ಮಾಡಬೇಕು.